ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಎಣ್ಣೆ ಬಾಯ್ಲರ್ ಬದಲಿಸುವ ಮುನ್ನ

ಪ್ರಶ್ನೆ: ಮಾನ್ಯರೇ, ನಾವು ಅಮೆರಿಕದ ಬಾಸ್ಟನ್ ನಗರದ ದಕ್ಷಿಣಕ್ಕಿರುವ ಕ್ವಿನ್ಸಿಯಲ್ಲಿ ಮೂರು ವರ್ಷಗಳ ಹಿಂದೆ ಮನೆ ಕೊಂಡೆವು. ಮನೆ 1958ರದು, ನೆಲಮಾಳಿಗೆಯಲ್ಲಿರುವ ಬೀಡುಕಬ್ಬಿಣದ ಎಣ್ಣೆ ಬಾಯ್ಲರ್ 1979ರದು. ಚಳಿಗಾಲದಲ್ಲಿ ಕೋಣೆಗಳನ್ನು ಬೆಚ್ಚಗಿಡುವ ಗೋಡೆಯಂಚಿನ ಬೇಸ್‌ಬೋರ್ಡುಗಳಿಗೆ ಬಿಸಿನೀರು ಹೋಗುವುದೂ, ವರ್ಷವಿಡೀ ಸ್ನಾನದ ನೀರು ಕಾಯುವುದೂ ಇದೊಂದರಿಂದಲೇ. ಕಳೆದ ವರ್ಷ ಒಟ್ಟು 1,000 ಗ್ಯಾಲನ್ ಎಣ್ಣೆ ಖರ್ಚಾಯಿತು. ಅದರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 100 ಗ್ಯಾಲನ್. ಬಂದು ನೋಡಿದ ಒಬ್ಬ ಗುತ್ತಿಗೆದಾರರು ಹಳೆಯದರಷ್ಟೇ ಸಾಮರ್ಥ್ಯದ, ಶೇ. 87 ದಕ್ಷತೆಯ ಹೊಸ ಬಾಯ್ಲರಿಗೆ 10,500 ಡಾಲರ್ ಕೇಳಿದ್ದಾರೆ. ಇನ್ನೊಬ್ಬರು ಅದಕ್ಕಿಂತ ಬಹಳ ಚಿಕ್ಕ ಬಾಯ್ಲರ್ ಸಾಕು, ಆದರೆ ಸ್ನಾನದ ನೀರಿಗೆ ಪ್ರತ್ಯೇಕ ಟ್ಯಾಂಕ್ ಬೇಕು ಎಂದು 13,000 ಡಾಲರ್ ಹೇಳಿದ್ದಾರೆ. ಚಿಕ್ಕದಕ್ಕೆ ಹೆಚ್ಚು ಹಣ ಏಕೆಂಬುದು ನಮಗೆ ಅರ್ಥವಾಗಲಿಲ್ಲ. ಸ್ನೇಹಿತರು, ಚೆನ್ನಾಗಿ ಓಡುತ್ತಿರುವುದನ್ನು ಕೀಳಿಸಬೇಡಿ ಎನ್ನುತ್ತಾರೆ. ಏನು ಮಾಡುವುದು?

ಉತ್ತರ: ನಿಮ್ಮ ಪತ್ರದಲ್ಲಿರುವ ಅತ್ಯಂತ ಬೆಲೆಬಾಳುವ ಸಂಗತಿಯೆಂದರೆ ಎಣ್ಣೆಯ ಲೆಕ್ಕ. ಬಾಯ್ಲರ್ ಮಾರುವವರು ಶೇಕಡಾವಾರು ದಕ್ಷತೆಯ ಮಾತನ್ನೇ ಮೊದಲು ಎತ್ತುತ್ತಾರೆ. ಆದರೆ ನಿಮ್ಮ ಮನೆಗೆ ನಿಜವಾಗಿ ಎಷ್ಟು ಶಾಖ ಬೇಕೆಂಬುದು ಗೊತ್ತಾಗದೆ ಆ ಅಂಕಿಗೆ ಪೂರ್ಣ ಅರ್ಥ ಬರುವುದಿಲ್ಲ. ಆದ್ದರಿಂದ ಮೊದಲು ಆ ಲೆಕ್ಕವನ್ನು ಮಾಡೋಣ.

ಬೇಸಿಗೆಯ ನಾಲ್ಕು ತಿಂಗಳಲ್ಲಿ ಸ್ನಾನದ ನೀರಿಗಷ್ಟೇ 100 ಗ್ಯಾಲನ್ ಹೋಗಿದ್ದರೆ, ಇಡೀ ವರ್ಷ ಆ ಬಾಬ್ತಿಗೆ ಸುಮಾರು 300 ಎಂದು ಹಿಡಿಯಬಹುದು. ಉಳಿದ 700 ಗ್ಯಾಲನ್ ಮನೆಯನ್ನು ಬೆಚ್ಚಗಿಡಲು ಉರಿದಿದೆ. ನಿಮ್ಮ ಎಣ್ಣೆ ಸರಬರಾಜುದಾರರು ಬಳಸುವ ‘ಡಿಗ್ರಿ-ದಿನ’ ಎಂಬ ಅಳತೆಯೊಂದಿದೆ: ಹೊರಗಿನ ದಿನದ ಸರಾಸರಿ ತಾಪಮಾನ 65 ಡಿಗ್ರಿ ಫ್ಯಾರನ್‌ಹೀಟಿಗಿಂತ ಎಷ್ಟು ಕಡಿಮೆಯೋ ಅಷ್ಟು ಡಿಗ್ರಿ-ದಿನಗಳು. ಬಾಸ್ಟನ್ನಿನಲ್ಲಿ ವರ್ಷಕ್ಕೆ ಇವು ಸುಮಾರು 5,600. ಇದನ್ನು 700ರಿಂದ ಭಾಗಿಸಿದರೆ, ನಿಮ್ಮ ಮನೆ ಒಂದು ಗ್ಯಾಲನ್ ಎಣ್ಣೆಯಲ್ಲಿ 8 ಡಿಗ್ರಿ-ದಿನಗಳನ್ನು ಕಳೆಯುತ್ತದೆ ಎಂದಾಯಿತು. ಒಂದು ಗ್ಯಾಲನ್ ಎಣ್ಣೆಯಲ್ಲಿ ಸುಮಾರು 1,38,500 ಬಿಟಿಯು (ಅಲ್ಲಿ ಶಾಖವನ್ನು ಅಳೆಯುವ ಮಾನ) ಶಾಖವಿದೆ; ನಿಮ್ಮ ಹಳೆಯ ಯಂತ್ರ ಅದರಲ್ಲಿ ಶೇ. 70ರಷ್ಟನ್ನು ನೀರಿಗೆ ಕೊಡುತ್ತಿದೆ ಎಂದು ಉದಾರವಾಗಿಯೇ ಒಪ್ಪಿಕೊಂಡರೂ, ಹೊರಗೂ ಒಳಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಮನೆಯು ಗಂಟೆಗೆ ಸುಮಾರು 505 ಬಿಟಿಯು ಕಳೆದುಕೊಳ್ಳುತ್ತಿದೆ. ಹೊರಗೆ 10 ಡಿಗ್ರಿ, ಅಂದರೆ ಸೊನ್ನೆಗಿಂತ 12 ಸೆಲ್ಸಿಯಸ್ ಕೆಳಗೆ ಇರುವ ಕೊರೆಯುವ ರಾತ್ರಿಯಲ್ಲಿ ಒಳಗೆ 70 ಡಿಗ್ರಿ ಬೇಕೆಂದರೆ ವ್ಯತ್ಯಾಸ 60. ಆಗ ಬೇಕಾಗುವ ಶಾಖ ಗಂಟೆಗೆ ಸುಮಾರು 30,000 ಬಿಟಿಯು.

ಈಗ ನೆಲಮಾಳಿಗೆಗೆ ಇಳಿದು ಬರ್ನರಿನ ಮೇಲೋ ಹತ್ತಿರದ ಚೀಟಿಯ ಮೇಲೋ ತಂತ್ರಜ್ಞರು ಬರೆದಿರುವ ನಾಜಲ್ ಅಳತೆಯನ್ನು ನೋಡಿ. ಆ ಕಾಲದ ಇಂಥ ಬಾಯ್ಲರುಗಳಲ್ಲಿ ಗಂಟೆಗೆ 1.25 ಗ್ಯಾಲನ್ ಸಿಂಪಡಿಸುವ ನಾಜಲ್ ಅಪರೂಪವಲ್ಲ. ನಿಮ್ಮಲ್ಲೂ ಅದೇ ಇದ್ದರೆ ಉರಿಯುವ ಶಾಖ ಗಂಟೆಗೆ 1,73,000 ಬಿಟಿಯು. ಅತ್ಯಂತ ಚಳಿಯ ರಾತ್ರಿ ಮನೆ ಕೇಳುವುದಕ್ಕಿಂತ ಐದು ಪಟ್ಟಿಗೂ ಹೆಚ್ಚು. ಮಾರ್ಚ್, ಏಪ್ರಿಲ್ ತಿಂಗಳುಗಳ ಹಿತವಾದ ದಿನಗಳಲ್ಲಂತೂ ಈ ಅಂತರ ಇನ್ನೂ ದೊಡ್ಡದು. ಐದು ನಿಮಿಷ ಭರ್ರೆಂದು ಉರಿದು, ಆರಿ, ಅರ್ಧ ಗಂಟೆ ಕಾದು ಮತ್ತೆ ಉರಿಯುವ ಯಂತ್ರವು ಪ್ರತಿ ಸಲ ಆರಿದಾಗಲೂ ತನ್ನ ನೂರಾರು ಕಿಲೋ ಕಬ್ಬಿಣದಲ್ಲಿ ತುಂಬಿಕೊಂಡ ಬಿಸಿಯನ್ನು ಚಿಮಣಿಗೂ ನೆಲಮಾಳಿಗೆಗೂ ಚೆಲ್ಲುತ್ತದೆ. ಪ್ರತಿ ಸಲ ಹೊತ್ತಿಕೊಳ್ಳುವಾಗ ಒಂದಿಷ್ಟು ಮಸಿಯನ್ನೂ ಉಂಟುಮಾಡುತ್ತದೆ.

ಹಳೆಯದರಷ್ಟೇ ದೊಡ್ಡದನ್ನು ಹಾಕುತ್ತೇನೆಂದವರ ಸಲಹೆಯನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ಅವರು ಹಳೆಯ ಯಂತ್ರದ ಫಲಕವನ್ನು ಓದಿದ್ದಾರೆ, ನಿಮ್ಮ ಮನೆಯನ್ನು ಓದಿಲ್ಲ. ಇದನ್ನು ಇನ್ನೊಂದು ದಾರಿಯಿಂದಲೂ ನೀವೇ ಪರೀಕ್ಷಿಸಬಹುದು. ಅಳತೆಪಟ್ಟಿ ಹಿಡಿದು ಬೇಸ್‌ಬೋರ್ಡುಗಳ ಒಳಗೆ ಅಲ್ಯೂಮಿನಿಯಂ ರೆಕ್ಕೆಗಳಿರುವ ಭಾಗವನ್ನಷ್ಟೇ ಅಳೆಯಿರಿ; ಬರಿಯ ಕೊಳವೆಯ ಭಾಗ ಲೆಕ್ಕಕ್ಕಿಲ್ಲ. ಒಟ್ಟು 110 ಅಡಿ ಬಂತೆನ್ನಿ. 180 ಡಿಗ್ರಿಯ ನೀರು ಹರಿಯುವಾಗ ಅಡಿಗೆ ಸುಮಾರು 550 ಬಿಟಿಯು ಶಾಖ ಹೊರಬರುತ್ತದೆ. ಅಂದರೆ ಇಡೀ ಮನೆಯ ಬೇಸ್‌ಬೋರ್ಡುಗಳು ಸೇರಿ ಕೊಡಬಲ್ಲ ಗರಿಷ್ಠ ಶಾಖವೇ 60,000 ಬಿಟಿಯು ಆಸುಪಾಸು. ಅದಕ್ಕಿಂತ ದೊಡ್ಡ ಬಾಯ್ಲರ್ ತಂದರೂ ಆ ಹೆಚ್ಚುವರಿ ಶಾಖ ಕೋಣೆಗಳಿಗೆ ತಲುಪಲು ದಾರಿಯೇ ಇಲ್ಲ. ಎಣ್ಣೆಯ ಬಾಯ್ಲರುಗಳು ಅತಿ ಚಿಕ್ಕವಾಗಿ ದೊರೆಯುವುದಿಲ್ಲ, ನಾಜಲ್ ತೀರ ಸಣ್ಣದಾದರೆ ಕಸ ಕಟ್ಟಿಕೊಳ್ಳುತ್ತದೆ. ಆದರೂ ಗಂಟೆಗೆ 0.6 ಗ್ಯಾಲನ್ ಆಸುಪಾಸಿನ ಬಾಯ್ಲರ್ ನಿಮ್ಮ ಮನೆಗೆ ಧಾರಾಳವಾಯಿತು. ಗುತ್ತಿಗೆದಾರರಿಂದ ಕೋಣೆಕೋಣೆಯ ಶಾಖನಷ್ಟದ ಲೆಕ್ಕವನ್ನು ಬರೆಹದಲ್ಲಿ ಕೇಳಿ. ಅಲ್ಲಿ ಇದಕ್ಕೆ ‘ಮ್ಯಾನ್ಯುಯಲ್ ಜೆ’ ಎಂಬ ಒಪ್ಪಿತ ವಿಧಾನವಿದೆ. ಹಾಗೆಂದರೇನೆಂದು ತಿಳಿಯದವರಿಗೆ ಈ ಕೆಲಸವನ್ನು ಕೊಡಬೇಡಿ.

ಹಳೆಯ ಕಾಲದವರು ಇಷ್ಟು ದೊಡ್ಡ ಬಾಯ್ಲರ್ ಹಾಕಿದ್ದರ ಮುಖ್ಯ ಕಾರಣ ಸ್ನಾನದ ನೀರು. ನಿಮ್ಮ ಬಾಯ್ಲರಿನೊಳಗೆ ತಾಮ್ರದ ಸುರುಳಿಯೊಂದಿದೆ. ನಲ್ಲಿ ತಿರುಗಿಸಿದ ಕೂಡಲೇ ತಣ್ಣೀರು ಅದರ ಮೂಲಕ ಹಾದು ಬಿಸಿಯಾಗಿ ಬರಬೇಕು. ಅದಕ್ಕೆ ದೊಡ್ಡ ಉರಿ ಬೇಕು, ಜೊತೆಗೆ ಹಗಲಿರುಳೂ, ಜುಲೈ ತಿಂಗಳ ಸೆಕೆಯಲ್ಲೂ, ಬಾಯ್ಲರ್ ಬಿಸಿಯಾಗಿಯೇ ಇರಬೇಕು. ನಮ್ಮ ಮಲೆನಾಡಿನ ಬಚ್ಚಲುಮನೆಗಳಲ್ಲಿ ಹಂಡೆಯ ಕೆಳಗೆ ಕುಂಟೆ (ದಪ್ಪನೆಯ ಮರದ ತುಂಡು) ಇಟ್ಟು ಬೆಳಗಿನಿಂದ ರಾತ್ರಿಯವರೆಗೆ ಬೆಂಕಿ ಆರದಂತೆ ನೋಡಿಕೊಳ್ಳುತ್ತಿದ್ದುದನ್ನು ಕಂಡವರಿಗೆ ಈ ವ್ಯವಸ್ಥೆ ಚೆನ್ನಾಗಿ ಅರ್ಥವಾಗುತ್ತದೆ. ವ್ಯತ್ಯಾಸವೆಂದರೆ ಅಲ್ಲಿ ಕುಂಟೆ ತೋಟದಿಂದ ಬರುತ್ತಿತ್ತು, ಇಲ್ಲಿ ಎಣ್ಣೆಯನ್ನು ಡಾಲರ್ ಕೊಟ್ಟು ಕೊಳ್ಳಬೇಕು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 60 ಗ್ಯಾಲನ್ ಬಿಸಿನೀರು ಬಳಸಿ, ಅದನ್ನು 50ರಿಂದ 120 ಡಿಗ್ರಿಗೆ ಏರಿಸಲು ಬೇಕಾದ ಶಾಖ 35,000 ಬಿಟಿಯು, ಅಂದರೆ ಕಾಲು ಗ್ಯಾಲನ್ ಎಣ್ಣೆಯಷ್ಟು. ನಿಮ್ಮ ಬೇಸಿಗೆಯ ಲೆಕ್ಕದ ಪ್ರಕಾರ ದಿನಕ್ಕೆ ಉರಿಯುತ್ತಿರುವುದು ಮುಕ್ಕಾಲು ಗ್ಯಾಲನ್ನಿಗೂ ಹೆಚ್ಚು. ಹತ್ತು ಗ್ಯಾಲನ್ ಉರಿಸಿದರೆ ಸುಮಾರು ಏಳು ಗ್ಯಾಲನ್ ಚಿಮಣಿಗೂ ಬಾಯ್ಲರನ್ನು ಸುಮ್ಮನೆ ಬಿಸಿಯಾಗಿಡುವುದಕ್ಕೂ ಹೋಗುತ್ತಿದೆ.

ಎರಡನೆಯ ಗುತ್ತಿಗೆದಾರರು ಪ್ರತ್ಯೇಕ ಟ್ಯಾಂಕ್ ಬೇಕೆಂದದ್ದು ಇದಕ್ಕೆ. ಸುಮಾರು 40 ಗ್ಯಾಲನ್ನಿನ, ದಪ್ಪ ಶಾಖಕವಚವುಳ್ಳ ಆ ಟ್ಯಾಂಕಿನೊಳಗಿನ ಸುರುಳಿಯಲ್ಲಿ ಬಾಯ್ಲರಿನ ನೀರು ಹರಿದು ಸ್ನಾನದ ನೀರನ್ನು ಕಾಯಿಸುತ್ತದೆ. ದಿನಕ್ಕೆ ಎರಡು ಮೂರು ಸಲ ಬಾಯ್ಲರ್ ಹೊತ್ತಿಕೊಂಡು, ಕೆಲಸ ಮುಗಿಸಿ, ಪೂರ್ತಿ ತಣ್ಣಗಾಗಬಹುದು. ಆರಿದ ಮೇಲೆ ಪಂಪ್ ಇನ್ನೂ ಕೆಲವು ನಿಮಿಷ ಓಡಿ, ಕಬ್ಬಿಣದಲ್ಲಿ ಉಳಿದ ಬಿಸಿಯನ್ನೂ ಟ್ಯಾಂಕಿಗೋ ಕೋಣೆಗಳಿಗೋ ಸಾಗಿಸುವಂತಹ ನಿಯಂತ್ರಕವನ್ನು ಕೇಳಿ ಪಡೆಯಿರಿ. ಬೇಸಿಗೆಯ ನಾಲ್ಕು ತಿಂಗಳಲ್ಲೇ ಐವತ್ತು ಗ್ಯಾಲನ್ನಿಗಿಂತ ಹೆಚ್ಚು ಉಳಿಯುತ್ತದೆ. ಚಿಕ್ಕ ಬಾಯ್ಲರಿಗೆ ಹೆಚ್ಚು ಹಣ ಏಕೆಂಬ ನಿಮ್ಮ ಪ್ರಶ್ನೆಗೆ ಉತ್ತರ ಈ ಟ್ಯಾಂಕಿನಲ್ಲಿದೆ, ಮತ್ತು ಆ ಹಣ ಸಾರ್ಥಕ.

ಇನ್ನು ಶೇಕಡಾವಾರಿನ ಮಾತು. ಅಮೆರಿಕದಲ್ಲಿ ಇದನ್ನು ವಾರ್ಷಿಕ ಇಂಧನ ಬಳಕೆಯ ದಕ್ಷತೆಯೆಂದು ಅಳೆಯುತ್ತಾರೆ. ಬಿಸಿನೀರಿನ ಎಣ್ಣೆ ಬಾಯ್ಲರುಗಳಿಗೆ ಕೇಂದ್ರ ಸರ್ಕಾರ ವಿಧಿಸಿದ ಕನಿಷ್ಠ ಮಿತಿ 1992ರಲ್ಲಿ ಶೇ. 80 ಇತ್ತು, 2012ರಲ್ಲಿ 84 ಆಯಿತು, 2021ರ ಜನವರಿಯಿಂದ 86 ಆಗಿದೆ. ಆದ್ದರಿಂದ ಶೇ. 87 ಎಂಬುದು ವಿಶೇಷ ಕೊಡುಗೆಯಲ್ಲ, ಕಾನೂನಿನ ಕನಿಷ್ಠಕ್ಕಿಂತ ಒಂದೇ ಮೆಟ್ಟಿಲು ಮೇಲೆ. ಉಳಿತಾಯವನ್ನು ಲೆಕ್ಕ ಹಾಕುವಾಗ 87ರಿಂದ 70ನ್ನು ಕಳೆದು ಶೇ. 17 ಎನ್ನಬಾರದು, 70ನ್ನು 87ರಿಂದ ಭಾಗಿಸಿ ಒಂದರಿಂದ ಕಳೆಯಬೇಕು. ಆಗ ಬರುವುದು ಶೇ. 19.5. ನಿಮ್ಮ ಸಾವಿರ ಗ್ಯಾಲನ್ನಿನಲ್ಲಿ ಅದು 195 ಗ್ಯಾಲನ್. ಟ್ಯಾಂಕಿನ ಉಳಿತಾಯವೂ ಕೂಡಿದರೆ 200ರಿಂದ 250 ಎಂದು ನಿರೀಕ್ಷಿಸಬಹುದು. ಗ್ಯಾಲನ್ನಿಗೆ 4 ಡಾಲರ್ ಎಂದು ಹಿಡಿದರೆ ವರ್ಷಕ್ಕೆ 800ರಿಂದ 1,000 ಡಾಲರ್. ಹಾಕಿದ ಹಣ ಮರಳಲು ಹದಿಮೂರರಿಂದ ಹದಿನಾರು ವರ್ಷ ಬೇಕು. ಚೆನ್ನಾಗಿ ನೋಡಿಕೊಂಡ ಬೀಡುಕಬ್ಬಿಣದ ಬಾಯ್ಲರ್ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆಂಬುದು ನಿಜವಾದರೂ, ಐದು ವರ್ಷದಲ್ಲಿ ಹಣ ಮರಳುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಸ್ನೇಹಿತರ ಮಾತೇ ಸರಿಯೇ? ಅರ್ಧ ಸರಿ. ಈ ವರ್ಷ ಹಣಕ್ಕೆ ತೊಂದರೆಯಿದ್ದರೆ, ಬಾಯ್ಲರಿನ ಕಬ್ಬಿಣ ಎಲ್ಲೂ ಸೋರುತ್ತಿಲ್ಲವಾದರೆ, ಬರ್ನರನ್ನಷ್ಟೇ ಬದಲಿಸುವುದು ಗೌರವದ ದಾರಿ. ಹಳೆಯ ಬರ್ನರಿನ ಮೋಟರು ನಿಮಿಷಕ್ಕೆ 1,725 ಸುತ್ತು ತಿರುಗುವಂಥದ್ದಾಗಿದ್ದರೆ, ಗಾಳಿಯನ್ನು ಚೆನ್ನಾಗಿ ಬೆರೆಸಿ ಉರಿಯನ್ನು ಬಾಯಿಯ ಬಳಿಯೇ ಹಿಡಿದಿಡುವ, 3,450 ಸುತ್ತಿನ ‘ಫ್ಲೇಮ್ ರಿಟೆನ್ಷನ್’ ಬರ್ನರ್ ಹಾಕಿ ನಾಜಲನ್ನೂ ಒಂದು ಹೆಜ್ಜೆ ಚಿಕ್ಕದು ಮಾಡಿದರೆ ಎಣ್ಣೆಯ ಖರ್ಚು ಎದ್ದು ಕಾಣುವಷ್ಟು ಇಳಿಯುತ್ತದೆ. ಆದರೆ ನಾಲ್ಕು ದಶಕ ದಾಟಿದ ಬಾಯ್ಲರ್ ಸೋರತೊಡಗುವುದು ಸಾಮಾನ್ಯವಾಗಿ ಅದಕ್ಕೆ ಅತ್ಯಂತ ಹೆಚ್ಚು ಕೆಲಸವಿರುವ ಜನವರಿಯಲ್ಲೇ. ನ್ಯೂ ಹ್ಯಾಂಪ್‌ಶೈರಿನಲ್ಲಿ ನಮ್ಮ ಮೊದಲ ಮನೆಯಲ್ಲಿ ಹೀಗೇ ಆಯಿತು. ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿ ಕೂರಿಸಿಕೊಂಡು, ಕೊಳವೆಗಳು ಹೆಪ್ಪುಗಟ್ಟಿ ಒಡೆಯುತ್ತವೆಂಬ ಭಯದಲ್ಲಿ, ಅಂದು ಸಂಜೆಗೆ ಸಿಕ್ಕ ಗುತ್ತಿಗೆದಾರರ ಬಳಿ ಇದ್ದ ಬಾಯ್ಲರನ್ನೇ ಹಾಕಿಸಿಕೊಂಡೆವು. ಅದು ಮನೆಗೆ ಬೇಕಾದ್ದರ ಮೂರು ಪಟ್ಟು ದೊಡ್ಡದಿತ್ತು, ಮತ್ತು ನಾವು ಆ ಮನೆ ಬಿಡುವವರೆಗೂ ಅದರ ಎಣ್ಣೆಗೆ ಹಣ ಕಟ್ಟಿದೆವು. ನಿಮಗೆ ಈಗ ಯೋಚಿಸಲು ಕಾಲವಿದೆ. ಏಪ್ರಿಲ್ ಕಳೆದ ಮೇಲೆ, ಕೆಲಸಗಾರರಿಗೆ ಬಿಡುವಿರುವಾಗ ಬದಲಿಸಿ.

ಅದಕ್ಕೂ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಮ್ಯಾಸಚೂಸೆಟ್ಸಿನ ‘ಮಾಸ್ ಸೇವ್’ ಯೋಜನೆಯವರು ಉಚಿತವಾಗಿ ಮನೆಯನ್ನು ಪರಿಶೀಲಿಸುತ್ತಾರೆ. ಅಟ್ಟದಲ್ಲಿ ಗಾಳಿ ನುಸುಳುವ ಸಂದುಗಳನ್ನು ಮುಚ್ಚಿಸಿ, ಶಾಖಕವಚ ಹಾಸಿಸಿದರೆ ಆ 30,000 ಬಿಟಿಯು ಇನ್ನೂ ಇಳಿಯುತ್ತದೆ. ಅದೇ ಭೇಟಿಯಲ್ಲಿ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ವಿದ್ಯುತ್ತಿನ ಬಲದಿಂದ ಒಳಗೆ ತರುವ ಹೀಟ್ ಪಂಪಿನ ದರವನ್ನೂ ಕೇಳಿಕೊಳ್ಳಿ. ಆ ಯೋಜನೆಯ ಸಹಾಯಧನದ ಒಲವು ಈಗ ಅತ್ತ ಇದೆ, ಹೊಸ ಎಣ್ಣೆ ಬಾಯ್ಲರಿನ ಕಡೆಗಿಲ್ಲ. ಕೇಂದ್ರ ಸರ್ಕಾರ ಇಂಥ ಮನೆ ಸುಧಾರಣೆಗೆ ಕೊಡುತ್ತಿದ್ದ ಆದಾಯ ತೆರಿಗೆ ರಿಯಾಯಿತಿಯೂ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಬಾಯ್ಲರಿನ ಮತ್ತು ಹೀಟ್ ಪಂಪಿನ ದರಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡದೆ ಎಲ್ಲಿಯೂ ಸಹಿ ಹಾಕಬೇಡಿ.

ಎಣ್ಣೆಯಲ್ಲೇ ಮುಂದುವರಿಯುವುದಾದರೆ ಚಿಮಣಿಯನ್ನು ಮರೆಯಬಾರದು. ಹಳೆಯ ಬಾಯ್ಲರಿನ ಹೊಗೆ 600 ಡಿಗ್ರಿ ಫ್ಯಾರನ್‌ಹೀಟಿನಷ್ಟು ಬಿಸಿಯಾಗಿ ಹೋಗುತ್ತಿದ್ದುದರಿಂದ ಚಿಮಣಿ ಒಣಗಿರುತ್ತಿತ್ತು. ಹೊಸದರ ಹೊಗೆ 350ರಿಂದ 400 ಡಿಗ್ರಿ. ಶಾಖವು ಮನೆಯಲ್ಲೇ ಉಳಿಯಿತೆಂಬುದಕ್ಕೆ ಅದು ಸಾಕ್ಷಿ. ಆದರೆ ಅಗಲವಾದ ತಣ್ಣನೆಯ ಇಟ್ಟಿಗೆ ಚಿಮಣಿಯಲ್ಲಿ ಆ ಹೊಗೆಯ ತೇವ ನೀರಾಗಿ ಇಳಿದು, ಗಂಧಕದೊಡನೆ ಸೇರಿ ಆಮ್ಲವಾಗಿ, ಒಳಗಿನ ಸುಟ್ಟಮಣ್ಣಿನ ಕೊಳವೆಯನ್ನೂ ಗಾರೆಯನ್ನೂ ತಿನ್ನುತ್ತದೆ. 2018ರ ಜುಲೈಯಿಂದ ನಿಮ್ಮ ರಾಜ್ಯದಲ್ಲಿ ಮಾರುವ ಎಣ್ಣೆಯಲ್ಲಿ ಗಂಧಕ ಹತ್ತು ಲಕ್ಷಕ್ಕೆ 15 ಭಾಗಕ್ಕಿಂತ ಹೆಚ್ಚಿರಬಾರದೆಂಬ ನಿಯಮ ಬಂದ ಮೇಲೆ ಈ ಬಾಧೆ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಒಳಗೊಳವೆ ಬೇಕೇ ಎಂಬುದನ್ನು ಚಿಮಣಿ ನೋಡಿದ ಮೇಲೆ ಬರೆದು ಕೊಡುವಂತೆ ಕೇಳಿ. ಹಳೆಯ ಬಾಯ್ಲರಿನ ಅಥವಾ ಕೊಳವೆಗಳ ಮೇಲೆ ಬಿಳಿಯ ಸುಣ್ಣದಂತಹ ಹೊದಿಕೆಯಿದ್ದರೆ ಅದು ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಪರೀಕ್ಷೆಯಾಗುವವರೆಗೆ ಯಾರೂ ಅದನ್ನು ಕೆರೆಯಕೂಡದು.

ಹೊರಗಿನ ಚಳಿಗೆ ತಕ್ಕಂತೆ ಬಾಯ್ಲರಿನ ನೀರಿನ ಬಿಸಿಯನ್ನು ಏರಿಸಿ ಇಳಿಸುವ ನಿಯಂತ್ರಕವನ್ನೂ ಹಾಕಿಸಿ. ನಿಮ್ಮ ಬೇಸ್‌ಬೋರ್ಡುಗಳು ಮನೆಗೆ ಬೇಕಾದ್ದರ ಎರಡು ಪಟ್ಟು ಇರುವುದಾದರೆ, ವರ್ಷದ ಬಹುಪಾಲು 180 ಡಿಗ್ರಿಯ ನೀರು ಬೇಕಾಗುವುದಿಲ್ಲ, 140 ಸಾಕು. ಬೀಡುಕಬ್ಬಿಣಕ್ಕೆ ಮರಳಿ ಬರುವ ನೀರು 130ಕ್ಕಿಂತ ತಣ್ಣಗಿದ್ದರೆ ಒಳಗೆ ತೇವ ಕಟ್ಟಿ ತುಕ್ಕು ಹಿಡಿಯುವ ಅಪಾಯವಿರುವುದರಿಂದ, ಆ ಕೆಳಮಿತಿಯನ್ನು ಕಾಯುವಂತೆ ಕೊಳವೆ ಜೋಡಿಸಬೇಕು. ಕೆಲಸ ಮುಗಿದ ದಿನ ಉರಿಯ ಪರೀಕ್ಷೆಯ ಮುದ್ರಿತ ಚೀಟಿ ನಿಮ್ಮ ಕೈಗೆ ಬರಬೇಕು: ಹೊಗೆಯ ಕಲೆ (ಪರೀಕ್ಷೆಯ ಕಾಗದದ ಮೇಲೆ ಮೂಡುವ ಮಸಿಯ ಗುರುತು) ಸೊನ್ನೆ, ಹೊಗೆಯ ತಾಪಮಾನ, ಇಂಗಾಲದ ಡೈಆಕ್ಸೈಡ್, ಚಿಮಣಿಯ ಎಳೆತ, ಈ ನಾಲ್ಕೂ ಅದರಲ್ಲಿರಲಿ. ಎಣ್ಣೆ ಬರ್ನರ್ ಅಳವಡಿಸಲು ಸ್ಥಳೀಯ ಅಗ್ನಿಶಾಮಕ ಇಲಾಖೆಯ ಪರವಾನಗಿ ಬೇಕು. ಅದನ್ನು ತಪ್ಪಿಸಿ ಅಗ್ಗ ಮಾಡಿಕೊಡುತ್ತೇನೆಂಬವರನ್ನು ಬಾಗಿಲಿನಿಂದಲೇ ಕಳುಹಿಸಿ.

ಪ್ರಶ್ನೆ: ಉತ್ತರ ಐರ್ಲೆಂಡಿನ ಹಳ್ಳಿಯೊಂದರಲ್ಲಿ ವೈದ್ಯನಾಗಿದ್ದೇನೆ. ಇಲ್ಲಿ ಮನೆಯ ಹೊರಗಿರುವ ಸೀಮೆಎಣ್ಣೆಯ ಬಾಯ್ಲರ್ ತೆಗೆದು ಕಂಡೆನ್ಸಿಂಗ್ ಬಾಯ್ಲರ್ ಹಾಕಿಸಿದೆ. ಹೇಳಿದಷ್ಟು ಉಳಿತಾಯ ಕಾಣುತ್ತಿಲ್ಲ. ಏಕೆ?

ಉತ್ತರ: ಅರ್ಧಕ್ಕಿಂತ ಹೆಚ್ಚು ಮನೆಗಳು ಎಣ್ಣೆಯಿಂದಲೇ ಬೆಚ್ಚಗಾಗುವ ನಿಮ್ಮ ಪ್ರದೇಶದಲ್ಲಿ ಈ ದೂರು ಸಾಮಾನ್ಯ. ಕಂಡೆನ್ಸಿಂಗ್ ಬಾಯ್ಲರ್ ಹೊಗೆಯಲ್ಲಿರುವ ನೀರಾವಿಯನ್ನು ನೀರಾಗಿಸಿ, ಆಗ ಹೊರಬೀಳುವ ಶಾಖವನ್ನೂ ಹಿಡಿಯುತ್ತದೆ. ಆದರೆ ಎಣ್ಣೆಯ ಹೊಗೆಯ ಆವಿ ನೀರಾಗುವುದು ಸುಮಾರು 47 ಸೆಲ್ಸಿಯಸ್‌ಗಿಂತ ಕೆಳಗೆ. ಅನಿಲದ ಹೊಗೆಗೆ ಇದು 57ರ ಹತ್ತಿರ. ನಿಮ್ಮ ರೇಡಿಯೇಟರುಗಳಿಗೆ 75 ಡಿಗ್ರಿಯ ನೀರು ಕಳುಹಿಸಿ 60 ಡಿಗ್ರಿಗೆ ಮರಳಿಸಿಕೊಳ್ಳುತ್ತಿದ್ದರೆ ಆವಿ ಆವಿಯಾಗಿಯೇ ಹೊರಟುಹೋಗುತ್ತದೆ, ಕೊಟ್ಟ ಹಣದ ಫಲ ಸಿಗುವುದಿಲ್ಲ. ಬಾಯ್ಲರಿನ ತಾಪಮಾನವನ್ನು ವಾರಕ್ಕೆ ಐದೈದು ಡಿಗ್ರಿ ಇಳಿಸುತ್ತ ಹೋಗಿ, ಮನೆ ಎಲ್ಲಿಯವರೆಗೆ ಹಿತವಾಗಿರುತ್ತದೆಂದು ನೋಡಿ. ಬಿಸಿನೀರಿನ ಸಿಲಿಂಡರ್ ಮಾತ್ರ 60 ಡಿಗ್ರಿಗೆ ಏರುವಂತಿರಲಿ, ಇಲ್ಲವಾದರೆ ರೋಗಾಣುಗಳು ಬೆಳೆಯಬಹುದೆಂಬುದನ್ನು ವೈದ್ಯರಾದ ನಿಮಗೆ ವಿವರಿಸಬೇಕಿಲ್ಲ. ಆವಿಯಿಂದಾದ ನೀರು ಹೊರಹೋಗುವ ಪ್ಲಾಸ್ಟಿಕ್ ಕೊಳವೆ ಹಿಮಗಟ್ಟಿದರೆ ಬಾಯ್ಲರ್ ನಿಂತುಬಿಡುತ್ತದೆ. ಅದಕ್ಕೆ ಹೊದಿಕೆ ಸುತ್ತಿಸಿ.

ಪ್ರಶ್ನೆ: ನಾವು ಮೈಸೂರಿನವರು, ವಯಸ್ಸು ಎಪ್ಪತ್ತು ದಾಟಿದೆ. ಮಗನ ಮನೆ ಮ್ಯಾಸಚೂಸೆಟ್ಸಿನಲ್ಲಿದೆ. ಈ ಚಳಿಗಾಲ ಅಲ್ಲಿರುತ್ತೇವೆ. ಹಗಲೆಲ್ಲ ನಾವಿಬ್ಬರೇ. ನೆಲಮಾಳಿಗೆಯಲ್ಲಿ ಎಣ್ಣೆ ಉರಿಯುತ್ತದೆಂದು ಕೇಳಿ ಭಯವಾಗಿದೆ. ಒಮ್ಮೊಮ್ಮೆ ವಾಸನೆಯೂ ಬರುತ್ತದಂತೆ.

ಉತ್ತರ: ಭಯಪಡಬೇಡಿ, ಆದರೆ ವಾಸನೆಯನ್ನು ಸಹಜವೆಂದು ಬಿಡಲೂಬೇಡಿ. ಸರಿಯಾಗಿ ಉರಿಯುವ ಬಾಯ್ಲರಿನಿಂದ ಎಣ್ಣೆಯ ಅಥವಾ ಹೊಗೆಯ ವಾಸನೆ ಮನೆಗೆ ಬರಬಾರದು. ನೀವು ಹೊರಡುವ ಮುನ್ನವೇ ತಂತ್ರಜ್ಞರನ್ನು ಕರೆಸಿ, ನಾಜಲ್ ಮತ್ತು ಫಿಲ್ಟರ್ ಬದಲಿಸಿ ಮಸಿ ತೆಗೆಸುವಂತೆ ಮಗನಿಗೆ ಹೇಳಿ. ಇದು ವರ್ಷಕ್ಕೊಮ್ಮೆ ಆಗಲೇಬೇಕಾದ ಕೆಲಸ. ಎಣ್ಣೆಯ ಟ್ಯಾಂಕ್ ಹಳೆಯದಾಗಿದ್ದರೆ ಅದರ ತಳವನ್ನು ನೋಡಿಸಲಿ. ತಳದಲ್ಲಿ ನಿಂತ ನೀರಿನಿಂದ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ವಾಸನೆಯೇ ಇಲ್ಲದ ಅಪಾಯವೊಂದಿದೆ, ಅದನ್ನು ನಮ್ಮೂರಿನವರೂ ಬಲ್ಲರು. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿ ಸ್ನಾನಕ್ಕೆ ಹೋದವರು ಹೊರಬರದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲದ ಕೆಲಸ ಅದು. 2005ರ ಜನವರಿಯ ಹಿಮಪಾತದಲ್ಲಿ ಮ್ಯಾಸಚೂಸೆಟ್ಸಿನ ಪ್ಲಿಮತ್‌ನಲ್ಲಿ ಪ್ರೋಪೇನ್ ಬಾಯ್ಲರೊಂದರ ಗೋಡೆಯ ಹೊಗೆಕಿಂಡಿಯನ್ನು ಹಿಮ ಮುಚ್ಚಿ, ಏಳು ವರ್ಷದ ಬಾಲಕಿಯೊಬ್ಬಳು ತೀರಿಕೊಂಡಳು. ಆಮೇಲೆ ಅಲ್ಲಿ ಇಂಥ ಮನೆಗಳಲ್ಲಿ ಆ ಅನಿಲದ ಎಚ್ಚರಿಕೆ ಗಂಟೆ ಇರಲೇಬೇಕೆಂದು ಕಾನೂನಾಯಿತು. ಮಗನ ಮನೆಯ ಪ್ರತಿ ಅಂತಸ್ತಿನಲ್ಲೂ ಅದು ಇದೆಯೇ, ಕೆಲಸ ಮಾಡುತ್ತಿದೆಯೇ ಎಂದು ಹೋದ ದಿನವೇ ಗುಂಡಿ ಒತ್ತಿ ನೋಡಿ. ಹೊಗೆ ಚಿಮಣಿಯ ಬದಲು ಗೋಡೆಯ ಕಿಂಡಿಯಿಂದ ಹೋಗುವ ಮನೆಯಾದರೆ, ಹಿಮ ಬಿದ್ದಾಗ ಅದನ್ನು ಸರಿಸಿದ ಮೇಲೆಯೇ ಮಗ ಕೆಲಸಕ್ಕೆ ಹೊರಡಲಿ. ನೀವು ಜಾರುವ ಹಿಮದಲ್ಲಿ ಇಳಿಯಬೇಡಿ.

ನೆಲಮಾಳಿಗೆಯ ಮೆಟ್ಟಿಲಿನ ಮೇಲ್ಭಾಗದಲ್ಲಿ ಕೆಂಪು ಫಲಕದ ಸ್ವಿಚ್ಚೊಂದು ಇರುತ್ತದೆ. ಅದು ದೀಪದ್ದಲ್ಲ, ಬರ್ನರಿನದು. ಹೊಗೆ ಕಂಡರೆ, ಎಂದೂ ಕೇಳದ ಗುಡುಗಿನಂಥ ಸದ್ದು ಬಂದರೆ ಕೆಳಗಿಳಿಯದೆ ಅದನ್ನು ಆರಿಸಿ, ಇಬ್ಬರೂ ಹೊರಗೆ ಬಂದು ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಎಚ್ಚರಿಕೆಯ ಗಂಟೆ ಕೂಗಿದರೆ ಸ್ವಿಚ್ಚಿಗಾಗಿಯೂ ನಿಲ್ಲದೆ ಮೊದಲು ಹೊರಗೆ ಬನ್ನಿ. ಕೋಟು, ಬೂಟುಗಳನ್ನು ಬಾಗಿಲ ಬಳಿಯೇ ಇಟ್ಟುಕೊಂಡಿರಿ. ಮನೆಯ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಆ ಕೋಟಿನ ಜೇಬಿನಲ್ಲಿ ಹಾಕಿಡಿ.